ಬಾತಕ್ಕ ಕುಂಟೆಗೆ ನೀರು ತಂದದ್ದು

ಬನ್ನಿ ಮಕ್ಕಳೇ, ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ. ಕಿವಿ ಇತ್ತ ಕೊಡಿ.

ಒಂದು ಗುಡ್ಡ. ಗುಡ್ಡದ ಕೆಳಗೆ ಒಂದು ಹೊಸ ಊರು. ಇನ್ನೂ ಕಟ್ಟುತ್ತಾ ಇದ್ದರು. ಹಸಿರೂರು ಅಂತ ಅದರ ಹೆಸರು. ಎಲ್ಲ ಮನೆ ಮೇಲೂ ಸೋಲಾರ್. ಎಲ್ಲ ಮನೆ ಮುಂದೂ ಹೊಂಗೆ ಗಿಡ. ಬಲು ಚೆಂದದ ಊರು.

ಊರ ಕೊನೆಗೆ ಒಂದು ಕುಂಟೆ. ಮಳೆ ಬಂದರೆ ತುಂಬುವ ಪುಟ್ಟ ಕುಂಟೆ. ಕುಂಟೆ ದಡದಲ್ಲಿ ಬಾತುಕೋಳಿ ಬಾತಕ್ಕ. ಬಾತಕ್ಕನಿಗೆ ಮೂರು ಮರಿ. ಒಂದು ದೊಡ್ಡದು. ಒಂದು ನಡುವಿನದು. ಒಂದು ಪುಟಾಣಿ.

"ಅಮ್ಮಾ, ಈಜು ಕಲಿಸು" ಅಂದವು ಮರಿಗಳು.

"ಮಳೆ ಬರಲಿ, ಕುಂಟೆ ತುಂಬಲಿ, ಕಲಿಸ್ತೀನಿ" ಅಂದಳು ಬಾತಕ್ಕ.

ಮಳೆ ಬಂತು. ಧೋ ಅಂತ ಬಂತು. ಗುಡ್ಡ ನೆನೆಯಿತು. ಮನೆ ನೆನೆಯಿತು. ಹೊಂಗೆ ಗಿಡ ನೆನೆಯಿತು.

ಬೆಳಿಗ್ಗೆ ಎದ್ದು ಬಾತಕ್ಕ ಓಡಿದಳು. ಹಿಂದೆ ಮೂರು ಮರಿ. ಥಪ್ ಥಪ್ ಥಪ್.

ನೋಡಿದರೆ, ಕುಂಟೇಲಿ ನೀರೇ ಇಲ್ಲ! ಒಂದು ಬೊಗಸೆಯೂ ಇಲ್ಲ. ಮರಿಗಳು ಅತ್ತವು.

"ಕುಂಟೆ ಕುಂಟೆ, ಯಾಕೆ ತುಂಬಲಿಲ್ಲ?"

"ಕಾಲುವೆ ನೀರು ತರಲಿಲ್ಲ. ನಾನೇನು ಮಾಡಲಿ?"

ಬಾತಕ್ಕ ಕಾಲುವೆ ಹತ್ತಿರ ಹೋದಳು. ಥಪ್ ಥಪ್ ಥಪ್.

"ಕಾಲುವೆ ಕಾಲುವೆ,
ಕುಂಟೆ ತುಂಬಲ್ಲ,
ನನ್ನ ಮರಿ ಈಜಲ್ಲ.
ನೀರು ಬಿಡು ಕಾಲುವೆ!"

"ಹೇಗೆ ಬಿಡಲಿ? ನನ್ನ ಕತ್ತಿನ ಮೇಲೆ ನೋಡು, ಮಣ್ಣಿನ ಗುಡ್ಡೆ. ಜೆಸಿಬಿ ಮುನಿಯಣ್ಣ ಸುರಿದು ಹೋದ. ಉಸಿರೇ ಬಿಡೋಕಾಗಲ್ಲ."

ಬಾತಕ್ಕ ಮುನಿಯಣ್ಣನ ಹತ್ತಿರ ಹೋದಳು. ಥಪ್ ಥಪ್ ಥಪ್. ಅವನ ಜೆಸಿಬಿ ಕೆಸರಲ್ಲಿ ಹೂತಿತ್ತು. ಮುನಿಯಣ್ಣನ ಮುಖ ಊದಿತ್ತು.

"ಮುನಿಯಣ್ಣ ಮುನಿಯಣ್ಣ,
ಕಾಲುವೆ ನೀರು ಬಿಡಲ್ಲ,
ಕುಂಟೆ ತುಂಬಲ್ಲ,
ನನ್ನ ಮರಿ ಈಜಲ್ಲ.
ಮಣ್ಣು ಎತ್ತಣ್ಣ!"

"ಎತ್ತಲ್ಲ! ಮೇಸ್ತ್ರಿ ಹಾಕು ಅಂದ್ರು, ಹಾಕ್ದೆ. ಮೇಸ್ತ್ರಿ ಎತ್ತು ಅನ್ನಲಿ, ಎತ್ತೀನಿ."

ಬಾತಕ್ಕ ಪ್ಯಾರೇಜಾನ್ ಮೇಸ್ತ್ರಿ ಹತ್ತಿರ ಹೋದಳು. ಥಪ್ ಥಪ್ ಥಪ್. ದಾರಿ ಸಿಗದ ಮಳೆನೀರು ಮೇಸ್ತ್ರಿಯ ಶೆಡ್ಡಿಗೆ ನುಗ್ಗಿತ್ತು. ಸಿಮೆಂಟ್ ಮೂಟೆ ಎಲ್ಲ ಕಲ್ಲಾಗಿತ್ತು.

"ಮೇಸ್ತ್ರಿ ಮೇಸ್ತ್ರಿ,
ಮುನಿಯಣ್ಣ ಮಣ್ಣು ಎತ್ತಲ್ಲ,
ಕಾಲುವೆ ನೀರು ಬಿಡಲ್ಲ,
ಕುಂಟೆ ತುಂಬಲ್ಲ,
ನನ್ನ ಮರಿ ಈಜಲ್ಲ.
ಹೂಂ ಅನ್ನಿ ಮೇಸ್ತ್ರಿ!"

"ಹೂಂ ಅನ್ನಲ್ಲ! ನಕ್ಷೇಲಿ ಅಲ್ಲಿ ರಸ್ತೆ ಇದೆ, ಕಾಲುವೆ ಇಲ್ಲ. ಮೇಡಂ ನಕ್ಷೇಲಿ ಗೀಟು ಎಳೀಲಿ, ಹೂಂ ಅಂತೀನಿ."

ಬಾತಕ್ಕ ನಾಗವೇಣಿ ಮೇಡಂ ಹತ್ತಿರ ಹೋದಳು. ಥಪ್ ಥಪ್ ಥಪ್. ಊರಿನ ನಕ್ಷೆ ಬರೆದವರು ಅವರೇ. ಮನೆ ಎಲ್ಲಿ, ಗಿಡ ಎಲ್ಲಿ, ರಸ್ತೆ ಎಲ್ಲಿ, ಎಲ್ಲ ಬರೆದಿದ್ದರು.

"ಮೇಡಂ ಮೇಡಂ,
ಮೇಸ್ತ್ರಿ ಹೂಂ ಅನ್ನಲ್ಲ,
ಮುನಿಯಣ್ಣ ಮಣ್ಣು ಎತ್ತಲ್ಲ,
ಕಾಲುವೆ ನೀರು ಬಿಡಲ್ಲ,
ಕುಂಟೆ ತುಂಬಲ್ಲ,
ನನ್ನ ಮರಿ ಈಜಲ್ಲ.
ಗೀಟು ಎಳೀರಿ ಮೇಡಂ!"

ಮೇಡಂ ಪೆನ್ಸಿಲ್ ಕಚ್ಚಿದರು. "ಎಲ್ಲಿ ಎಳೀಲಿ ಬಾತಕ್ಕ? ನಾನು ಬಂದಾಗ ಬೇಸಿಗೆ. ನೀರು ನಡೆದಿದ್ದೇ ನೋಡಿಲ್ಲ. ಗೊತ್ತಿಲ್ಲದೆ ಎಳೆಯಲ್ಲ. ನೀರಿನ ದಾರಿ ಗೊತ್ತಿರೋರು ತೋರಿಸಲಿ, ಎಳೀತೀನಿ."

ನೀರಿನ ದಾರಿ ಯಾರಿಗೆ ಗೊತ್ತು? ಕುರಿ ಕಾಯುವ ಪಾಪಜ್ಜಿಗೆ ಗೊತ್ತು. ಅರವತ್ತು ಮಳೆಗಾಲ ಅವಳು ಆ ಗುಡ್ಡದ ಮೇಲೆ ನೆನೆದಿದ್ದಳು.

ಬಾತಕ್ಕ ಗುಡ್ಡ ಹತ್ತಿದಳು. ಥಪ್... ಥಪ್... ಥಪ್. ಉಸ್ಸಪ್ಪಾ! ಹಿಂದೆ ದೊಡ್ಡದು. ಅದರ ಹಿಂದೆ ನಡುವಿನದು. ಎಲ್ಲರ ಹಿಂದೆ ಪುಟಾಣಿ.

"ಅಜ್ಜಿ ಅಜ್ಜಿ,
ಮೇಡಂ ಗೀಟು ಎಳೆಯಲ್ಲ,
ಮೇಸ್ತ್ರಿ ಹೂಂ ಅನ್ನಲ್ಲ,
ಮುನಿಯಣ್ಣ ಮಣ್ಣು ಎತ್ತಲ್ಲ,
ಕಾಲುವೆ ನೀರು ಬಿಡಲ್ಲ,
ಕುಂಟೆ ತುಂಬಲ್ಲ,
ನನ್ನ ಮರಿ ಈಜಲ್ಲ.
ದಾರಿ ತೋರಿಸಜ್ಜಿ!"

ಪಾಪಜ್ಜಿ ಮುಖ ತಿರುಗಿಸಿದಳು. "ತೋರಿಸಲ್ಲ! ಊರು ಕಟ್ಟುವಾಗ ಎಲ್ಲರೂ ನನ್ನ ಮುಂದೇನೇ ಓಡಾಡಿದ್ರು. ಒಬ್ಬರಾದ್ರೂ ನನ್ನ ಒಂದು ಮಾತು ಕೇಳಿದ್ರಾ? ನಾನು ಬರಲ್ಲ, ಹೋಗು."

ಇನ್ನು ಯಾರ ಹತ್ತಿರ ಹೋಗೋದು? ಇನ್ನು ಯಾರೂ ಇಲ್ಲ. ಬಾತಕ್ಕನ ಕಣ್ಣಲ್ಲಿ ನೀರು ಬಂತು.

ಆಗ ಪುಟಾಣಿ ಮುಂದೆ ಬಂತು. ಅಜ್ಜಿಯ ಕಾಲ ಹತ್ತಿರ ಕೂತಿತು. ಕತ್ತೆತ್ತಿ ಕೇಳಿತು:

"ಅಜ್ಜೀ, ನೀರು ಯಾವ ದಾರೀಲಿ ಬರ್ತಿತ್ತು?"

ಅಜ್ಜಿ ಕೆಳಗೆ ನೋಡಿದಳು. ನೋಡುತ್ತಾ ನೋಡುತ್ತಾ ನಕ್ಕುಬಿಟ್ಟಳು.

"ಅಯ್ಯೋ ನನ್ನ ಬಂಗಾರ! ಇಷ್ಟು ದಿನಕ್ಕೆ ನೀನೊಬ್ಬಳು ಕೇಳಿದೆ ನೋಡು. ಬಾ, ತೋರಿಸ್ತೀನಿ."

ಅಜ್ಜಿ ಎದ್ದಳು. ಕೋಲು ಹಿಡಿದಳು. ಮುಂದೆ ಅಜ್ಜಿ, ಹಿಂದೆ ಬಾತಕ್ಕ, ಹಿಂದೆ ಮರಿ, ಹಿಂದೆ ಕುರಿ. ಬ್ಯಾ ಬ್ಯಾ, ಥಪ್ ಥಪ್. ಸದ್ದು ಕೇಳಿ ಮೇಡಂ, ಮೇಸ್ತ್ರಿ, ಮುನಿಯಣ್ಣ ಎಲ್ಲರೂ ಓಡಿ ಬಂದರು.

"ಮೇಡಂ, ಬನ್ನಿ ಇಲ್ಲಿ. ನೀರು ಈ ಬಂಡೆ ಬಳಸಿ ಬರತ್ತೆ. ಇಲ್ಲಿ ಸೊಂಟ ತಿರುಗಿಸತ್ತೆ. ಆಮೇಲೆ ನೆಟ್ಟಗೆ ಕುಂಟೆಗೆ."

ಮೇಡಂ ನೆಲದ ಮೇಲೆ ಕೂತೇ ಗೀಟು ಎಳೆದರು. ನೀಲಿ ಗೀಟು. "ಮೊದಲೇ ನಿಮ್ಮನ್ನ ಕೇಳಬೇಕಿತ್ತು ಅಜ್ಜಿ."

"ಈಗ ಕೇಳಿದ್ರಲ್ಲ, ಬರ್ಕೊಳ್ಳಿ" ಅಂದಳು ಅಜ್ಜಿ.

"ಹಾಗಾದ್ರೆ ರಸ್ತೆ?" ಅಂದ ಮುನಿಯಣ್ಣ.

"ರಸ್ತೆ ಮೇಲೆ, ನೀರು ಕೆಳಗೆ! ನಡುವೆ ನಾನೊಂದು ಮೋರಿ ಕಟ್ತೀನಿ" ಅಂದರು ಮೇಸ್ತ್ರಿ. "ಹೂಂ, ಎತ್ತು ಮಣ್ಣು!"

ಕೆಸರಿಂದ ಎದ್ದು ಘರ್ರ್ ಅಂತ ಜೆಸಿಬಿ ಬಂತು. ಮಣ್ಣು ಎತ್ತಿತು. ಕಾಲುವೆ ಉಸ್ ಅಂತ ಉಸಿರು ಬಿಟ್ಟಿತು. ಹೊಸ ಸಿಮೆಂಟ್ ಬಂತು, ಮೋರಿಯೂ ಎದ್ದಿತು.

ನಾಲ್ಕು ದಿನ ಬಿಟ್ಟು ಮತ್ತೆ ಮಳೆ. ಧೋ ಧೋ ಧೋ.

ಅಜ್ಜಿ ದಾರಿ ತೋರಿಸಿದಳು,
ಮೇಡಂ ಗೀಟು ಎಳೆದರು,
ಮೇಸ್ತ್ರಿ ಹೂಂ ಅಂದರು,
ಮುನಿಯಣ್ಣ ಮಣ್ಣು ಎತ್ತಿದ,
ಕಾಲುವೆ ನೀರು ಬಿಟ್ಟಿತು,
ಕುಂಟೆ ತುಂಬಿತು,
ಬಾತಕ್ಕನ ಮರಿ...

ಪುಟಾಣಿಯೇ ಮೊದಲು ಹಾರಿತು. ಬುಳುಕ್! ಮುಳುಗಿತು. ಬಾತಕ್ಕನ ಎದೆ ಡವ ಡವ. ಪುಚುಕ್! ಮೇಲೆ ಬಂತು.

"ಅಮ್ಮಾ, ನಾನು ಈಜ್ತಾ ಇದೀನಿ!"

ದೊಡ್ಡದೂ ಈಜಿತು. ನಡುವಿನದೂ ಈಜಿತು. ಕುರಿಗಳು ಹೊಟ್ಟೆ ತುಂಬ ನೀರು ಕುಡಿದವು.

ಕುಂಟೆ ತುಂಬಿತು, ಕತೆಯೂ ತುಂಬಿತು. ಏಳಿ ಏಳಿ, ಕೈ ತೊಳೆದು ಊಟಕ್ಕೆ ಬನ್ನಿ.