ಪ್ರಯಾಣದ ಮಚ್ಚೆ

ಹೊಳೆದಂಡೆಯ ಮಠದಲ್ಲಿ ತಿಪ್ಪೇಶನೆಂಬ ಶಿಷ್ಯನಿದ್ದ. ಅವನ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ. ಅಂಗಾಲಿನಲ್ಲಿ ಮಚ್ಚೆಯಿದ್ದವರಿಗೆ ದೂರ ಪ್ರಯಾಣದ ಯೋಗ ಎಂದು ಹಿರಿಯರು ಹೇಳುವುದುಂಟು. ತಿಪ್ಪೇಶ ಕಾಶಿಗೆಂದು ಆಗಲೇ ಚೀಲ ಹೊಲಿಸಿಟ್ಟಿದ್ದ.

ಒಂದು ಬೆಳಿಗ್ಗೆ ಅವನು ಅಂಗಳ ದಾಟಿ ಬಂದಾಗ, ಆಗತಾನೆ ಸಾರಿಸಿದ ನೆಲದ ಮೇಲೆ ರಕ್ತದ ಚುಕ್ಕೆಗಳು ಮೂಡಿದವು.

“ಕಾಲು ತೋರಿಸು,” ಎಂದರು ಗುರುಗಳು.

“ಬುದ್ಧೀ, ನಿಮ್ಮ ಕಡೆಗೆ ಕಾಲು ಚಾಚುವುದೇ! ನರಕಕ್ಕೆ ಹೋಗುತ್ತೇನೆ.”

“ತೋರಿಸದಿದ್ದರೆ ಇನ್ನೂ ಬೇಗ ಹೋಗುತ್ತೀಯ.”

ಗುರುಗಳು ನೆಲದ ಮೇಲೆ ಕುಳಿತು ಅವನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ತಿಪ್ಪೇಶ ನಾಚಿ ಕಣ್ಣು ಮುಚ್ಚಿದ.

“ರಕ್ತ ಒಸರುವ ಈ ಮಚ್ಚೆ ಮೊದಲು ಎಷ್ಟಿತ್ತು?”

“ಸಾಸಿವೆಯಷ್ಟು.”

“ಈಗ ಹುಣಸೆಬೀಜದಷ್ಟಾಗಿದೆ. ಅಂಚು ಹರಿದ ಬಟ್ಟೆಯ ಹಾಗಿದೆ. ಬಣ್ಣವೂ ಒಂದೇ ಸಮನಿಲ್ಲ.”

“ಯೋಗ ಬೆಳೆಯುತ್ತಿದೆ, ಬುದ್ಧೀ.”

“ದಿನವೂ ‘ಬುದ್ಧೀ, ಬುದ್ಧೀ’ ಎಂದು ಕರೆಯುತ್ತೀಯ. ಒಂದು ದಿನವಾದರೂ ಬಂತೇ?”

ತಿಪ್ಪೇಶ ನಕ್ಕ. “ಆದರೆ ಇದು ನೋಯುವುದೇ ಇಲ್ಲ.”

“ಗೆದ್ದಲು ಬಾಗಿಲು ತಟ್ಟಿ ಬರುತ್ತದೆಯೇ? ವೈದ್ಯರಿಗೆ ತೋರಿಸು.”

“ವೈದ್ಯರು ಕತ್ತರಿಸಿಬಿಡುತ್ತಾರೆ. ಮಚ್ಚೆ ಹೋದರೆ ಪ್ರಯಾಣವೂ ಹೋಯಿತು.”

ಗುರುಗಳು ಒದ್ದೆ ಬಟ್ಟೆಯಿಂದ ರಕ್ತ ಒರೆಸಿದರು.

“ನನ್ನ ಜೊತೆ ಓದಿದ ಮರುಳಯ್ಯನ ಅಂಗಾಲಿನಲ್ಲೂ ಇಂಥದೇ ಇತ್ತು. ನಮಗೆಲ್ಲ ಹೊಟ್ಟೆಕಿಚ್ಚು. ಅವನೂ ಕತ್ತರಿಸಲು ಬಿಡಲಿಲ್ಲ.”

“ಪ್ರಯಾಣ ಆಯಿತೇ?”

“ಆಯಿತು. ಅಂಗಾಲಿನಿಂದ ತೊಡೆಸಂದಿಗೆ, ಅಲ್ಲಿಂದ ಶ್ವಾಸಕೋಶಕ್ಕೆ. ಹೋದದ್ದು ಮಚ್ಚೆ. ಮರುಳಯ್ಯ ಮಂಚ ಬಿಟ್ಟು ಏಳಲಿಲ್ಲ.”

ತಿಪ್ಪೇಶ ಮೆಲ್ಲನೆ ತನ್ನ ಪಾದವನ್ನು ತಾನೇ ಹಿಡಿದು ನೋಡಿಕೊಂಡ.

“ನನ್ನದೂ ಹೊರಟುಬಿಟ್ಟಿದೆಯೇ, ಬುದ್ಧೀ?”

“ಅದನ್ನು ವೈದ್ಯರು ಹೇಳಬೇಕು. ಬೇಗ ಹೋದವನಿಗೆ ಅವರು ನಗುತ್ತ ಹೇಳುತ್ತಾರೆ.”

ಗುರುಗಳು ಎದ್ದು ಕಾಶಿಯ ಚೀಲ ತಂದರು. ಅದರೊಳಗೆ ಒಂದು ಪಂಚೆ, ಬುತ್ತಿಗೆ ನಾಲ್ಕು ರೊಟ್ಟಿ ಹಾಕಿ ಶಿಷ್ಯನ ಹೆಗಲಿಗೆ ಏರಿಸಿದರು. ದೂರದಲ್ಲಿ, ಜಿಲ್ಲಾ ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು.

ತಿಪ್ಪೇಶ ಹೊಸ್ತಿಲಲ್ಲಿ ನಿಂತ.

“ಇವತ್ತು ಅಮಾವಾಸ್ಯೆ, ಬುದ್ಧೀ. ಹೊರಡಬಾರದಲ್ಲ?”

“ಮಚ್ಚೆ ಪಂಚಾಂಗ ನೋಡುವುದಿಲ್ಲ, ಮಗಾ. ಅದು ಹೊರಡುವ ಮೊದಲು ನೀನು ಹೊರಡು.”