ಕಾಡುಕೋಣ ಕೇಳಿದ ಗೂಡು

ಮಕ್ಕಳೇ, ಕತೆ ಹೇಳುವವರು ಬೇರೆಯವರ ದಡ್ಡತನವನ್ನು ಹೇಳಿ ನಗಿಸುತ್ತಾರೆ. ನಾನು ಅಷ್ಟು ದೂರ ಹೋಗಬೇಕಾಗಿಲ್ಲ. ನನ್ನದೇ ಬೇಕಾದಷ್ಟಿದೆ.

ನಾನೊಬ್ಬ ಕೆಂಜಳಿಲು. ಬಿಳಿಕಲ್ಲು ಗುಡ್ಡದ ಕಾಡಿನಲ್ಲಿ, ಹೊಳೆ ಪಕ್ಕದ ಹೊನ್ನೆ ಮರದ ಮೇಲೆ ನನ್ನ ವಾಸ. ಮೈ ಕೆಂಪು, ಬಾಲ ಮೈಗಿಂತ ಉದ್ದ. ಬುದ್ಧಿಯೂ ಅಷ್ಟೇ ಉದ್ದ ಎಂದು ಆಗ ನಂಬಿದ್ದೆ. ನಮ್ಮವರು ಒಂದೇ ಗೂಡಿಗೆ ತೃಪ್ತರಾಗುವುದಿಲ್ಲ. ಆ ವರ್ಷ ನಾನೂ ಒಂದು ಹೊಸ ಗೂಡು ಕಟ್ಟಿದೆ. ಹಳೆಯದು ಪಕ್ಕದ ಕೊಂಬೆಯಲ್ಲಿ ಸುಮ್ಮನೆ ಬಿದ್ದಿತ್ತು.

"ಅದನ್ನ ಮಾರಿಬಿಡ್ರೀ," ಎಂದಳು ನಮ್ಮಾಕೆ. ಅವಳಿಗೆ ಆಗ ದಿನ ತುಂಬುತ್ತಿತ್ತು. "ಮಳೆಗಾಲ ಬರ್ತಾ ಇದೆ. ಮರಿ ಹುಟ್ಟಿದ ಮೇಲೆ ಎಲ್ಲಿ ಅಂತ ಹುಡುಕೋದು? ಉಗ್ರಾಣದಲ್ಲಿ ನಾಲ್ಕು ಬೀಜ ಹೆಚ್ಚಿಗೆ ಇರಲಿ."

ನಮ್ಮ ಉಗ್ರಾಣ ಎಂದರೆ ನಾಲ್ಕು ಮರ ಆಚೆಗಿದ್ದ ಒಂದು ಪೊಟರೆ. ಬೇಸಿಗೆಯೆಲ್ಲ ಇಬ್ಬರೂ ಓಡಾಡಿ ಅದರೊಳಗೆ ಹಲಸಿನ ಬೀಜ, ಗೇರುಬೀಜ ತುಂಬಿಸಿದ್ದೆವು. ಅದರ ಬಾಯಿಗೆ ತೊಗಟೆಯ ಮುಚ್ಚಳ. ಎಡಕ್ಕೆ ಎರಡು ಸಲ ತಳ್ಳಿ, ಆಮೇಲೆ ಮೇಲಕ್ಕೆ ಎತ್ತಿದರೆ ಮಾತ್ರ ತೆರೆಯುತ್ತಿತ್ತು. ಆ ಉಪಾಯ ನಮ್ಮಾಕೆಯದು. ಗುಟ್ಟು ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಹಳೇ ಸಾಮಾನು ಮಾರಬೇಕೆಂದರೆ ನಮ್ಮ ಕಾಡಿನಲ್ಲಿ ಎಲ್ಲರೂ ಕೂಗುಮರಕ್ಕೆ ಹೋಗುತ್ತಿದ್ದರು. ಅಲ್ಲಿ ಕೂತ ಮೈನಾಗೆ ಹೇಳಿದರೆ ಅದು ಇನ್ನೊಂದು ಮೈನಾಗೆ, ಅದು ಮತ್ತೊಂದಕ್ಕೆ ಹೇಳಿ, ಮಧ್ಯಾಹ್ನದೊಳಗೆ ಸುದ್ದಿ ಕಾಡಿನ ಆಚೆ ಅಂಚು ಮುಟ್ಟುತ್ತಿತ್ತು. ಉತ್ತರವೂ ಹಾಗೆಯೇ ಬರುತ್ತಿತ್ತು, ಕಳಿಸಿದವರ ದನಿಯಲ್ಲೇ. ದನಿ ಮಾತ್ರ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ.

"ಒಂದೇ ಮಳೆಗಾಲ ವಾಸ ಮಾಡಿದ ಗೂಡು. ಗಾಳಿ ಬೆಳಕು ಚೆನ್ನಾಗಿದೆ. ಬೆಲೆ ಹತ್ತು ಹಲಸಿನ ಬೀಜ," ಎಂದು ಕೂಗಿಸಿದೆ. ನಿಜ ಹೇಳಬೇಕೆಂದರೆ ಮೂರು ಮಳೆಗಾಲ ಕಳೆದಿತ್ತು. ಗಾಳಿ ಬೆಳಕು ಬರುತ್ತಿದ್ದದ್ದು ಚಾವಣಿಯ ತೂತಿನಿಂದ.

ಮರುದಿನ ಬೆಳಿಗ್ಗೆಯೇ ಒಂದು ಇಣಚಿ ಜೋಡಿ ಬಂತು. ಇಣಚಿ ಎಂದರೆ ಗೊತ್ತಲ್ಲ, ಬೆನ್ನ ಮೇಲೆ ಗೆರೆ ಇರುವ ಪುಟ್ಟ ಅಳಿಲು. ಗಂಡ ಗೂಡಿನೊಳಗೆ ಹೊಕ್ಕು ಕುಣಿದು ನೋಡಿದ. ಹೆಂಡತಿ ಒಂದೊಂದು ಕಡ್ಡಿಯನ್ನೂ ಹಿಡಿದು ಎಳೆದು ನೋಡಿದಳು.

"ಅಣ್ಣಾ, ಇಲ್ಲಿ ತೂತು ಬಿದ್ದಿದೆಯಲ್ಲ," ಎಂದಳು.

"ಅದು ಕಿಟಕಿ ಕಣಮ್ಮ."

"ಕಿಟಕಿ ನೆತ್ತಿ ಮೇಲಿದೆಯಲ್ಲಣ್ಣ. ಮಳೆ ಬಂದರೆ ನಾವು ಎಲ್ಲಿ ಮಲಗೋದು? ಆರು ಬೀಜ ಕೊಡ್ತೀವಿ. ಜೊತೆಗೇ ತಂದಿದ್ದೀವಿ, ನೋಡಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಆರಾ? ನನ್ನನ್ನೇನು ಪೆದ್ದ ಅಂದುಕೊಂಡ್ರಾ? ಕೊಳ್ಳೋ ನೆಪದಲ್ಲಿ ಬಂದು ಟೋಪಿ ಹಾಕೋರನ್ನ ನಾನು ಬಹಳ ನೋಡಿದ್ದೀನಿ. ನಡೀರಿ, ನಡೀರಿ."

ಅವರು ತಮ್ಮ ಆರು ಬೀಜಗಳನ್ನು ಎತ್ತಿಕೊಂಡು ಹೊರಟುಹೋದರು. ನಾನು ಮೀಸೆ ತಿರುವಿದೆ.

ಆ ಮಧ್ಯಾಹ್ನ ಮೈನಾ ಹಾರಿಬಂದು ಎದೆ ಉಬ್ಬಿಸಿ, ದಪ್ಪ ದನಿಯಲ್ಲಿ ಸುದ್ದಿ ಒಪ್ಪಿಸಿತು: "ನಾನು ಕಾಡುಕೋಣ. ಕಾಡಂಚಿನ ಕಾವಲು ನನ್ನದು. ನಿಮ್ಮಂಥ ಕುಶಲಿಗಳು ಕಟ್ಟಿದ ಗೂಡು ಅಂದಮೇಲೆ ನೋಡೋದೇನಿದೆ? ಹತ್ತು ಕಡಿಮೆಯಾಯಿತು. ಇಪ್ಪತ್ತು ಬೀಜ ಕೊಡ್ತೀನಿ."

ಮಕ್ಕಳೇ, ನಿಮಗೆ ಇಷ್ಟು ಹೊತ್ತಿಗೆ ಒಂದು ಪ್ರಶ್ನೆ ಹೊಳೆದಿರಬೇಕು. ನಮ್ಮಾಕೆಗೂ ಹೊಳೆಯಿತು. ನನಗೊಬ್ಬನಿಗೆ ಹೊಳೆಯಲಿಲ್ಲ.

"ಏನ್ರೀ, ಕಾಡುಕೋಣ ಮರ ಹತ್ತುತ್ತಾ?" ಎಂದಳು.

"ದೊಡ್ಡವರ ವಿಷಯ ನಿನಗೆ ತಿಳಿಯೋದಿಲ್ಲ," ಎಂದೆ. "ಯಾರಿಗೋ ಉಡುಗೊರೆ ಕೊಡೋದಕ್ಕಿರುತ್ತೆ. ಕುಶಲಿ ಅಂದರು, ಕೇಳಿಸಿಕೊಂಡೆಯಾ? ಒಂದು ಬೀಜಕ್ಕೂ ಚೌಕಾಸಿ ಮಾಡಲಿಲ್ಲ. ದೊಡ್ಡತನ ಅಂದರೆ ಅದು."

ಒಪ್ಪಿದೆ ಎಂದು ಹೇಳಿ ಕಳಿಸಿದೆ. ಸಂಜೆಯೊಳಗೆ ಮತ್ತೆ ದಪ್ಪ ದನಿ ಬಂತು: "ಕಾವಲು ಬಿಟ್ಟು ನಾನು ಬರೋ ಹಾಗಿಲ್ಲ. ನಾಳೆ ನನ್ನ ಆಳುಗಳು ಬೀಜ ತರ್ತಾರೆ. ನೀವು ಹೊತ್ತು ಸುಸ್ತಾಗೋದು ಬೇಡ, ನೇರವಾಗಿ ನಿಮ್ಮ ಉಗ್ರಾಣಕ್ಕೇ ಸುರಿದು ಹೋಗ್ತಾರೆ. ಪೊಟರೆ ಎಲ್ಲಿದೆ, ಮುಚ್ಚಳ ತೆಗೆಯೋದು ಹೇಗೆ, ಅಷ್ಟು ಹೇಳಿಬಿಡಿ. ನೀವು ಮನೆಯಲ್ಲಿ ಹಾಯಾಗಿ ಕೂತಿರಿ."

ಎಂಥ ಮರ್ಯಾದಸ್ಥರು ಎಂದು ನನಗೆ ಕಣ್ಣು ತುಂಬಿ ಬಂತು. ಮೈನಾದ ಕಿವಿಯಲ್ಲಿ ಗುಟ್ಟು ಹೇಳಿದೆ.

ಮೈನಾ ಕತ್ತು ಓರೆ ಮಾಡಿತು. "ಇದನ್ನೂ ಹೇಳಬೇಕಾ? ಉಗ್ರಾಣದ ಗುಟ್ಟು ಯಾರಿಗೂ ಕೊಡಬೇಡಿ ಅಂತ ನಾವು ದಿನಾ ಕೂಗ್ತೀವಲ್ಲ."

"ಅದು ದಡ್ಡರಿಗೆ ಹೇಳೋ ಮಾತು. ನಿನ್ನ ಕೆಲಸ ನೀನು ನೋಡು," ಎಂದೆ.

ಮರುದಿನ ಮೂರು ಕೋತಿಗಳು ನಮ್ಮ ಕೊಂಬೆಯ ಕೆಳಗೇ ಹಾದು ಪೊಟರೆಯ ಕಡೆ ಹೋದವು. "ಕೋಣರಾಯರ ಕಡೆಯವರಾ?" ಎಂದು ಮೇಲಿನಿಂದ ವಿಚಾರಿಸಿದೆ. "ಹೌದು ಸ್ವಾಮಿ," ಎಂದವು. ಸ್ವಾಮಿ ಎಂದದ್ದು ಕೇಳಿ, ಕೋಣರಾಯರು ಹೇಳಿ ಕಳಿಸಿದಂತೆ ಹಾಯಾಗಿ ಕೂತೆ.

ಸ್ವಲ್ಪ ಹೊತ್ತಿಗೆ ಕೋತಿಗಳು ಹಿಂದಿರುಗಿದವು. ಹೋಗುವಾಗ ಚಪ್ಪಟೆಯಾಗಿದ್ದ ಕೆನ್ನೆಗಳು ಈಗ ಬುಗ್ಗೆಯಂತೆ ಊದಿದ್ದವು. ತೋಳಿನ ತುಂಬ ಎಲೆಯ ಗಂಟುಗಳು ಬೇರೆ.

"ಪಾಪ, ಹಲ್ಲುನೋವಾ?" ಎಂದು ಕೇಳಿದೆ.

"ಹೂಂ," ಎಂದವು ಮೂರೂ, ಬಾಯಿ ತೆರೆಯದೆ.

ಹಲ್ಲುನೋವಿನಲ್ಲೂ ದುಡಿಯುವವರನ್ನು ಕಂಡು ಮನಸ್ಸು ಕರಗಿತು. ನಮ್ಮಾಕೆ ತನಗೆಂದು ಇಟ್ಟುಕೊಂಡಿದ್ದ ಮಾವಿನಹಣ್ಣನ್ನು, ಮೆತ್ತಗಿದೆ, ತಿನ್ನಿ ಎಂದು ಅವರಿಗೆ ಕೊಟ್ಟು ಕಳಿಸಿದೆ.

ಆಮೇಲೆ ಇಪ್ಪತ್ತು ಬೀಜ ನೋಡೋಣವೆಂದು ಇಬ್ಬರೂ ಹೋದೆವು. ಎಡಕ್ಕೆ ಎರಡು ಸಲ ತಳ್ಳಿ, ಮೇಲಕ್ಕೆ ಎತ್ತಿದೆ. ಪೊಟರೆಯಲ್ಲಿ ಒಂದು ಇರುವೆ ಇತ್ತು. ಅದೂ ಹೊರಡುತ್ತಿತ್ತು.

ನಮ್ಮಾಕೆ ಬೈಯಲಿಲ್ಲ. ಒಳಗೊಮ್ಮೆ ಕೈಯಾಡಿಸಿ ನೋಡಿದಳು. ಆಮೇಲೆ, "ಮುಚ್ಚಳ ಮಾತ್ರ ಸರಿಯಾಗಿ ಹಾಕಿ ಹೋಗಿದ್ದಾರೆ," ಎಂದಳು. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು. ಅವಳ ಹೊಟ್ಟೆ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾಡಂಚಿಗೆ ಓಡಿದೆ. ಕಾಡುಕೋಣ ಹುಲ್ಲು ಮೇಯುತ್ತಾ ನಿಂತಿತ್ತು. ನನ್ನ ಗೋಳೆಲ್ಲ ಕೇಳಿಸಿಕೊಂಡು ನಿಧಾನವಾಗಿ ತಲೆ ಎತ್ತಿತು. ಅದರ ದನಿ ತೆಳ್ಳಗೆ, ಕೀರಲಾಗಿತ್ತು.

"ನನ್ನ ಮೈ ನೋಡಪ್ಪ. ಗೂಡು ತಗೊಂಡು ನಾನೇನು ಮಾಡಲಿ? ಈ ತಿಂಗಳಲ್ಲಿ ನೀನು ಮೂರನೆಯವನು. ಮೊನ್ನೆ ಒಬ್ಬ ಮರಕುಟಿಗ ಬಂದಿದ್ದ. ಅವನು ನನಗೆ ತೂತು ಮಾರಿದ್ದನಂತೆ."

ದಪ್ಪ ದನಿ ಮಾಡಿದ್ದು ಕೋತಿಗಳೇ ಎಂದು ಆಗ ತಿಳಿಯಿತು. ಮೈನಾ ಕೇಳಿಸಿಕೊಂಡದ್ದನ್ನು ಹೇಳಿತ್ತು, ಅಷ್ಟೇ. ದಡ್ಡತನದಲ್ಲಿ ನನಗಿಂತ ಮುಂದೆ ಒಬ್ಬ ಮರಕುಟಿಗನಿದ್ದಾನೆ ಎಂಬ ಸಮಾಧಾನ ನಮ್ಮ ಮರ ತಲುಪುವವರೆಗೆ ಉಳಿಯಿತು. ಅಲ್ಲಿ ಯೋಚಿಸಿ ನೋಡಿದರೆ, ಅವನು ಕಳೆದುಕೊಂಡದ್ದು ಹೆಚ್ಚೆಂದರೆ ನಾಲ್ಕು ಹುಳು.

ಮೊದಲ ಮಳೆ ಬಿತ್ತು. ಮರಿಯೂ ಹುಟ್ಟಿತು. ತೊಗಟೆ ಕೆರೆದು ತಿಂದು ನಾಲ್ಕು ದಿನ ತಳ್ಳಿದೆವು. ಐದನೆಯ ದಿನ ಬಾಲ ಮಡಚಿಕೊಂಡು ಇಣಚಿಗಳ ಮನೆಗೆ ಹೋದೆ. ಅವರು ಒಂದು ಕಲ್ಲಿನ ಸಂದಿಯಲ್ಲಿ ನೆನೆಯುತ್ತಾ ಕೂತಿದ್ದರು.

"ತಂಗೀ, ಗೂಡು ಇನ್ನೂ ಇದೆ. ಅದು ಕಿಟಕಿಯಲ್ಲ, ತೂತೇ. ನಾನೇ ಮುಚ್ಚಿಕೊಡ್ತೀನಿ," ಎಂದೆ.

ಇಬ್ಬರೂ ಬಂದರು. ಅವನು ಮತ್ತೆ ಒಳಹೊಕ್ಕು ಕುಣಿದ. ಅವಳು ಮತ್ತೆ ಕಡ್ಡಿ ಕಡ್ಡಿ ಎಳೆದಳು. "ಆರು ಅಂದಿದ್ವಿ, ಈಗ ನೆನೆದಿದೆ. ಐದು ಮಾಡಿಕೊಳ್ಳಿ ಅಣ್ಣಾ," ಎಂದಳು.

ಆ ಚೌಕಾಸಿ ನನ್ನ ಕಿವಿಗೆ ಎಷ್ಟು ಹಿತವಾಗಿತ್ತು ಎಂದರೆ, ಇನ್ನೊಂದು ಸಲ ಹೇಳಮ್ಮ ಎನ್ನೋಣ ಅನ್ನಿಸಿತು. ಅವಳು ಐದು ಬೀಜಗಳನ್ನು ನನ್ನ ಅಂಗೈಯಲ್ಲಿಟ್ಟಳು. ನಮ್ಮಾಕೆಯ ಪಕ್ಕದಲ್ಲಿದ್ದ ಮರಿಯನ್ನು ನೋಡಿ ಆರನೆಯದನ್ನೂ ಇಟ್ಟಳು. ಟೋಪಿ ಹಾಕೋರು ಎಂದು ನಾನು ಬೈದು ಅಟ್ಟಿದ್ದು ಇವಳನ್ನೇ.

ಆ ಮಳೆಗಾಲವನ್ನು ಹೇಗೋ ದಾಟಿದೆವು. ಮುಂದಿನ ಬೇಸಿಗೆಯಲ್ಲಿ ಮತ್ತೆ ಬೀಜ ಕೂಡಿಸಿದೆವು. ನಾನು ಹೊತ್ತು ತರುತ್ತೇನೆ, ನಮ್ಮಾಕೆ ಒಯ್ದು ಇಡುತ್ತಾಳೆ. ಹೊಸ ಉಗ್ರಾಣ ಎಲ್ಲಿದೆ ಎಂದು ಇವತ್ತಿನವರೆಗೂ ಅವಳು ನನಗೆ ಹೇಳಿಲ್ಲ. ಹಸಿವಾದಾಗ ಕೇಳುತ್ತೇನೆ, ತಂದುಕೊಡುತ್ತಾಳೆ. ನಮ್ಮ ಮರಿಗೆ ಮಾತ್ರ ಗೊತ್ತಿದೆಯಂತೆ.

ನೀತಿ: ನೋಡಿ, ಎಳೆದು, ಚೌಕಾಸಿ ಮಾಡುವವನು ಕೊಳ್ಳಲು ಬಂದವನು, ನೋಡದೆಯೇ ಹೆಚ್ಚು ಕೊಡುತ್ತೇನೆನ್ನುವವನು ಕಸಿಯಲು ಬಂದವನು. ಕೊಡುವವನಿಗೆ ನಿನ್ನ ಉಗ್ರಾಣದ ಗುಟ್ಟು ಬೇಕಾಗಿಲ್ಲ.