ಮಂತ್ರಿಗಳ ಕೊಠಡಿ

ಗುಹೆಯ ಕತ್ತಲಲ್ಲಿ ಬಾವಲಿಗಳ ಸದನ ಸೇರಿತ್ತು. ಮರಿ ಕಳೆದುಕೊಂಡ ಸದಸ್ಯೆಯೊಬ್ಬಳು ಪ್ರಶ್ನೆ ಕೇಳಲು ರೆಕ್ಕೆ ಎತ್ತಿದಳು.

"ಮಾನ್ಯ ಗೃಹಮಂತ್ರಿಗಳೇ, ಮರಿಗಳು ಕಾಣೆಯಾಗುತ್ತಿವೆ. ಗುಹೆಯೊಳಗೆ ಹಾವು ಹೊಕ್ಕಿದೆಯೇ?"

"ಇಲ್ಲ. ಒಳಗೆಲ್ಲ ಶಾಂತವಾಗಿದೆ," ಎಂದಿತು ಮಂತ್ರಿಗಳ ಸಾಲಿನಿಂದ ಒಂದು ದನಿ.

"ವಿದೇಶಾಂಗ ಮಂತ್ರಿಗಳೇ, ಹೊರಗಿನ ಹಾವಿನೊಡನೆ ನಮ್ಮ ಸಂಬಂಧ ಹೇಗಿದೆ?"

"ಹಿಂದೆಂದೂ ಇಷ್ಟು ಹತ್ತಿರವಿರಲಿಲ್ಲ," ಎಂದಿತು ಇನ್ನೊಂದು ದನಿ.

ಸದಸ್ಯರೆಲ್ಲ ರೆಕ್ಕೆ ಬಡಿದು ಮೆಚ್ಚಿದರು. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಕತ್ತಲಲ್ಲಿ ಬಾವಲಿಗೆ ತನ್ನ ಕೂಗೇ ಕಣ್ಣು. ಅದು ತಾಗಿ ಮರಳಿದರೆ ಎದುರಿಗಿರುವುದರ ಆಕಾರ ತಿಳಿಯುತ್ತದೆ. ಆದರೆ ಮಂತ್ರಿಗಳತ್ತ ಹಾಗೆ ಕೂಗುವುದು ಮರ್ಯಾದೆಯಲ್ಲವೆಂದು ಸದನದಲ್ಲಿ ಯಾರೂ ಕೂಗುತ್ತಿರಲಿಲ್ಲ. ಅವಳು ಕೂಗಿಯೇಬಿಟ್ಟಳು.

ಮರಳಿದ ದನಿಯಲ್ಲಿ ಮಂತ್ರಿಗಳಿರಲಿಲ್ಲ. ಬಂಡೆಗೆ ಸುತ್ತಿಕೊಂಡ ಉದ್ದನೆಯ ಮೈಯೊಂದಿತ್ತು. ಅದರ ನಡುವೆ ಉಬ್ಬುಗಳಿದ್ದವು. ಉತ್ತರಗಳು ಬರುತ್ತಿದ್ದದ್ದು ಆ ಉಬ್ಬುಗಳಿಂದ.

"ಸಭಾಧ್ಯಕ್ಷರೇ, ಮಂತ್ರಿಗಳು ಹಾವಿನ ಹೊಟ್ಟೆಯಲ್ಲಿದ್ದಾರೆ!" ಎಂದು ಅವಳು ಚೀರಿದಳು.

"ಆ ಮಾತನ್ನು ಕಡತದಿಂದ ತೆಗೆಯಿರಿ," ಎಂದರು ಸಭಾಧ್ಯಕ್ಷರು.

ಒಂದು ಉಬ್ಬು ಮೆಲ್ಲಗೆ ಅಲುಗಿತು. "ಹೆಚ್ಚಿನ ವಿವರ ಬೇಕಿದ್ದರೆ ನಮ್ಮ ಕೊಠಡಿಗೆ ಬನ್ನಿ ತಾಯೀ," ಎಂದಿತು ಗೃಹಮಂತ್ರಿಯ ಅದೇ ಸೌಮ್ಯ ದನಿ. "ನಿಮ್ಮ ಮರಿಯೂ ಇಲ್ಲೇ ಇದೆ."